ಆಫೀಸಿನಲ್ಲಿರುವ ಫೋಲ್ಡರ್ ಮನೆಯಲ್ಲಿ ಯಾಕಿಲ್ಲ?

ನಮ್ಮ ಭಾವ ಸಾಗರದಲ್ಲಿ ತೆರಿಗೆ ಲೆಕ್ಕ ಬರೆಯುವವರು. ಆಫೀಸಿನ ಕಂಪ್ಯೂಟರಿನಲ್ಲಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಮೇಲ್ ಫೋಲ್ಡರ್ ಮಾಡಿಟ್ಟಿದ್ದಾರೆ. ಒಟ್ಟು 43. ಮನೆಯ ಲ್ಯಾಪ್‌ಟಾಪಿನಲ್ಲಿ ಅದೇ ಖಾತೆ ತೆರೆದರೆ ಒಂದು ಫೋಲ್ಡರೂ ಇಲ್ಲ. ಬರೀ ಇನ್‌ಬಾಕ್ಸ್, ಅದರಲ್ಲೂ ಹಳೆಯ ಮೇಲ್‌ಗಳೇ ಕಾಣೆ.

"ಸಿಂಕ್ ಆಗ್ತಾ ಇಲ್ಲ ಮಾರಾಯ, ಒಂಚೂರು ನೋಡು" ಅಂತ ಫೋನ್ ಬಂತು. ಫೋನ್ ಮಾಡುವ ಮುಂಚೆ ಅವರು ಏನೇನು ಮಾಡಿದ್ದರು ಗೊತ್ತಾ? ಮೂರು ಸಲ ರೀಸ್ಟಾರ್ಟ್. ಒಂದು ಸಲ ಆಂಟಿವೈರಸ್. ರೂಟರಿನ ಪ್ಲಗ್ ಕಿತ್ತು, ಹತ್ತು ಎಣಿಸಿ, ಮತ್ತೆ ಹಾಕಿದ್ದು. ಪಾಸ್‌ವರ್ಡ್ ಬದಲಾಯಿಸಿದ್ದು. ಕೊನೆಗೆ ಆಫೀಸಿನ ಕಂಪ್ಯೂಟರಿನಿಂದ ಖಾತೆಯನ್ನೇ ಡೇಟಾ ಸಮೇತ ಅಳಿಸಿ ಹೊಸದಾಗಿ ಸೇರಿಸಲು ಹೊರಟಿದ್ದರು. ಅಷ್ಟರಲ್ಲಿ ಅಕ್ಕ "ಮೊದಲು ತಮ್ಮನ್ನ ಕೇಳಿ" ಎಂದಳಂತೆ. ಪುಣ್ಯಕ್ಕೆ ಕೇಳಿದರು. ಅಳಿಸಿದ್ದರೆ ಏನಾಗುತ್ತಿತ್ತು ಅಂತ ಮುಂದೆ ಹೇಳುತ್ತೇನೆ.

ನನಗೆ ಸಿಟ್ಟು ಬರುವುದು ಇಲ್ಲೇ. ಮಗುವಿಗೆ ಜ್ವರ ಬಂದರೆ ಮೆಣಸಿನಕಾಯಿ ನಿವಾಳಿಸುವವರನ್ನು ನೋಡಿ ನಗುವ ನಾವು, ಕಂಪ್ಯೂಟರ್ ಮುಂದೆ ಕೂತರೆ ಅದನ್ನೇ ಮಾಡುತ್ತೇವೆ. ರೀಸ್ಟಾರ್ಟ್ ಒಂದು ನಿವಾಳಿ, ಅಷ್ಟೇ. ಕಷ್ಟ ಏನಂದರೆ, ಮೇಲ್ ವಿಷಯದಲ್ಲಿ ಈ ನಿವಾಳಿ ಆಗಾಗ ನಿಜವಾಗಿಯೂ ಫಲ ಕೊಟ್ಟುಬಿಡುತ್ತದೆ. ಹಾಗಾಗಿ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಅದು ಯಾಕೆ ಫಲ ಕೊಡುತ್ತದೆ ಅನ್ನುವುದಕ್ಕೂ ಕಾರಣ ಇದೆ, ಅದನ್ನೂ ಹೇಳುತ್ತೇನೆ.

ಮೊದಲ ಪ್ರಶ್ನೆ ಒಂದೇ. ಫೋಲ್ಡರ್ ಇರುವುದು ಎಲ್ಲಿ? ಮೇಲ್ ಕೊಡುವ ಕಂಪನಿಯ ಸರ್ವರಿನಲ್ಲಾ, ಅಥವಾ ನಿಮ್ಮ ಮೇಜಿನ ಮೇಲಿನ ಡಬ್ಬದಲ್ಲಾ? ತಿಳಿಯಲು ಅರ್ಧ ನಿಮಿಷ ಸಾಕು. ಮೇಲ್ ಸಾಫ್ಟ್‌ವೇರ್ ಮುಚ್ಚಿಟ್ಟು, ಬ್ರೌಸರಿನಲ್ಲಿ ಅದೇ ಮೇಲ್ ತೆರೆಯಿರಿ. ಬ್ರೌಸರಿನಲ್ಲಿ ಕಾಣುವುದು ಸರ್ವರಿನಲ್ಲಿ ಇರುವುದು. ಅಲ್ಲಿ ಫೋಲ್ಡರ್ ಇದ್ದು ಲ್ಯಾಪ್‌ಟಾಪಿನಲ್ಲಿ ಇಲ್ಲದಿದ್ದರೆ ತಪ್ಪು ಲ್ಯಾಪ್‌ಟಾಪಿನದ್ದು. ಅಲ್ಲೇ ಇಲ್ಲ ಅಂದರೆ ಲ್ಯಾಪ್‌ಟಾಪನ್ನು ಎಷ್ಟು ಬೈದರೂ ಪ್ರಯೋಜನವಿಲ್ಲ, ಪಾಪ, ಇಲ್ಲದ್ದನ್ನು ಅದು ಎಲ್ಲಿಂದ ತರಬೇಕು? ಭಾವನ ಹತ್ತಿರ ಬ್ರೌಸರಿನಲ್ಲಿ ತೆರೆಸಿದೆ. 43ರಲ್ಲಿ ಒಂದೂ ಇಲ್ಲ. ಇನ್‌ಬಾಕ್ಸಿನಲ್ಲಿ ಇದ್ದದ್ದು ಕಳೆದ ಎರಡು ವಾರದ ಮೇಲ್ ಮಾತ್ರ.

ಎರಡು ವಾರ ಅಂದ ಕೂಡಲೇ ನನಗೆ ಕಳ್ಳ ಯಾರೆಂದು ಗೊತ್ತಾಯಿತು. ಪಾಪ್.

ಪಾಪ್ ಅಂದರೆ ಪೋಸ್ಟ್ ಆಫೀಸ್ ಪ್ರೋಟೋಕಾಲ್, ಸರ್ವರಿನಿಂದ ಕಂಪ್ಯೂಟರಿಗೆ ಮೇಲ್ ತರುವ ಒಂದು ನಿಯಮಾವಳಿ. 1984ರಲ್ಲಿ ಆರ್‌ಎಫ್‌ಸಿ 918 ಎಂಬ ದಾಖಲೆಯಲ್ಲಿ ಮೊದಲು ಬಂತು. ಈಗಲೂ ಬಳಕೆಯಲ್ಲಿರುವ ಮೂರನೇ ಆವೃತ್ತಿ 1988ರದ್ದು. ಹೆಸರೇ ಹೇಳುವ ಹಾಗೆ, ಇದು ಅಂಚೆ ಕಚೇರಿಗೆ ಹೋಗಿ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮನೆಗೆ ತರುವ ಪದ್ಧತಿ. ತಂದ ಮೇಲೆ ಅಂಚೆ ಕಚೇರಿಯಲ್ಲಿ ಏನೂ ಉಳಿಯುವುದಿಲ್ಲ. ಆ ಕಾಲಕ್ಕೆ ಇದು ಬುದ್ಧಿವಂತಿಕೆಯೇ ಆಗಿತ್ತು. ಸರ್ವರಿನ ಡಿಸ್ಕ್ ದುಬಾರಿ, ಒಬ್ಬನಿಗೆ ಒಂದೇ ಕಂಪ್ಯೂಟರ್. ನಮ್ಮಲ್ಲಿ ಆಗ ಸರ್ಕಾರಿ ಕಂಪನಿಯಾಗಿದ್ದ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಜನರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿದಾಗಲೂ ಇದೇ ಹೊಂದುತ್ತಿತ್ತು. ಮೋಡೆಮ್ ಕಿರ್ರೋ ಅಂತ ಕಿರುಚಿ ಲೈನ್ ಸಿಕ್ಕ ಕೂಡಲೇ ಮೇಲ್ ಇಳಿಸಿಕೊಳ್ಳುವುದು, ಲೈನ್ ಕತ್ತರಿಸುವುದು, ಆಮೇಲೆ ನಿಧಾನಕ್ಕೆ ಓದುವುದು. ಫೋನ್ ಬಿಲ್ಲಿನ ಭಯ ಹಾಗಿತ್ತು.

ಪಾಪ್‌ಗೆ ಫೋಲ್ಡರ್ ಅಂದರೇನು ಅಂತಲೇ ಗೊತ್ತಿಲ್ಲ. ಅದಕ್ಕೆ ಇನ್‌ಬಾಕ್ಸ್ ಬಿಟ್ಟರೆ ಬೇರೆ ಲೋಕವಿಲ್ಲ. ನೀವು ಕಳಿಸಿದ ಮೇಲ್ ಕೂಡ ಕಳಿಸಿದ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಭಾವ 43 ಫೋಲ್ಡರ್ ಮಾಡಿದ್ದು ಆಫೀಸಿನ ಹಾರ್ಡ್ ಡಿಸ್ಕಿನಲ್ಲಿ. ಜೊತೆಗೆ "14 ದಿನವಾದ ಮೇಲೆ ಸರ್ವರಿನಿಂದ ತೆಗೆದುಹಾಕು" ಎಂಬ ಆಯ್ಕೆಗೆ ಯಾರೋ ಎಂದೋ ಟಿಕ್ ಹಾಕಿಟ್ಟಿದ್ದರು. ಅಂದರೆ ಹಳೆಯ ಮೇಲ್‌ಗಳೆಲ್ಲ ಈ ಭೂಮಿಯ ಮೇಲೆ ಇದ್ದದ್ದು ಒಂದೇ ಕಡೆ, ಅವರು ಅಳಿಸಲು ಹೊರಟಿದ್ದ ಅದೇ ಖಾತೆಯಲ್ಲಿ. ಇದನ್ನು ಹೇಳಿದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ.

ಇದಕ್ಕೆ ಮದ್ದು ಐಮ್ಯಾಪ್, ಅಂದರೆ ಇಂಟರ್ನೆಟ್ ಮೆಸೇಜ್ ಆ್ಯಕ್ಸೆಸ್ ಪ್ರೋಟೋಕಾಲ್. 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ಇದನ್ನು ಕಟ್ಟಿದ. ಹೆಸರಿನ ಮೊದಲ ಅಕ್ಷರ 'ಐ' ಆಗ 'ಇಂಟೆರಿಮ್' ಎಂಬ ಪದದ್ದು, ಅಂದರೆ ತಾತ್ಕಾಲಿಕ! ನಮ್ಮೂರ ಬಸ್ ಸ್ಟ್ಯಾಂಡಿನ ತಾತ್ಕಾಲಿಕ ಶೆಡ್ಡಿನ ಹಾಗೆ, ನಲವತ್ತು ವರ್ಷವಾಯಿತು, ಇನ್ನೂ ಎಲ್ಲರೂ ಅದರ ಕೆಳಗೇ ನಿಂತಿದ್ದೇವೆ. ಆಮೇಲೆ ಹೆಸರನ್ನು 'ಇಂಟರ‍್ಯಾಕ್ಟಿವ್' ಮಾಡಿದರು, ಅದಾದ ಮೇಲೆ 'ಇಂಟರ್ನೆಟ್'. ಕ್ರಿಸ್ಪಿನ್ ತೀರಿಕೊಂಡದ್ದು 2012ರಲ್ಲಿ. ಆತನ ಯೋಚನೆ ಸರಳ: ಕಾಗದ ಅಂಚೆ ಕಚೇರಿಯಲ್ಲೇ ಇರಲಿ, ನೀವು ಯಾವ ಕಿಟಕಿಯಿಂದ ಇಣುಕಿದರೂ ಅದೇ ಕಾಗದ ಕಾಣಲಿ. ಬ್ಯಾಂಕಿನ ಲೆಡ್ಜರ್ ಇದ್ದ ಹಾಗೆ. ಪಾಸ್‌ಬುಕ್ ನಿಮ್ಮ ಕೈಯಲ್ಲಿದೆ, ಆದರೆ ದುಡ್ಡು ಇರುವುದು ಲೆಡ್ಜರಿನ ಪ್ರಕಾರ. ಕಂಪ್ಯೂಟರ್, ಲ್ಯಾಪ್‌ಟಾಪ್, ಫೋನ್ ಮೂರೂ ಬರೀ ಪಾಸ್‌ಬುಕ್.

ಈಗ ನನಗೆ ಬಲು ಇಷ್ಟವಾದ ಭಾಗ. ಬೇಸರವಾದರೆ ನಾಲ್ಕು ಪ್ಯಾರಾ ದಾಟಿ ಮುಂದೆ ಹೋಗಿ, ನನಗೆ ಬೇಜಾರಿಲ್ಲ.

ಮೂರು ಪಾಸ್‌ಬುಕ್ಕುಗಳು ಲೆಡ್ಜರಿಗೆ ಸರಿಹೊಂದಬೇಕು ಅಂದರೆ, ಪ್ರತಿ ಮೇಲನ್ನೂ ಗುರುತು ಹಿಡಿಯಲು ಒಂದು ನಂಬರ್ ಬೇಕು. ಐಮ್ಯಾಪ್‌ನಲ್ಲಿ ಎರಡು ನಂಬರ್ ಇವೆ. ಒಂದು, ಸಾಲಿನಲ್ಲಿ ಎಷ್ಟನೆಯದು ಅನ್ನುವುದು. ಇದು ರೇಷನ್ ಅಂಗಡಿಯ ಕ್ಯೂ ಇದ್ದ ಹಾಗೆ, ಮುಂದಿನವನು ಹೊರಟರೆ ಹನ್ನೆರಡನೆಯವರು ಹನ್ನೊಂದನೆಯವರಾಗುತ್ತಾರೆ. ಲ್ಯಾಪ್‌ಟಾಪ್ ಮೂರು ದಿನ ಮುಚ್ಚಿಟ್ಟು ತೆರೆದು "ಹನ್ನೆರಡನೆಯದನ್ನು ಅಳಿಸು" ಅಂದರೆ ಯಾರ ತಲೆ ಹೋಗುತ್ತದೋ ಗೊತ್ತಿಲ್ಲ. ಅದಕ್ಕೇ ಎರಡನೆಯ ನಂಬರ್, ಯುಐಡಿ. ಇದು ಆಸ್ಪತ್ರೆಯ ಟೋಕನ್ ಹಾಗೆ. ಮುಂದಿನವರು ಎದ್ದು ಹೋದರೂ ನಿಮ್ಮದು 57 ಅಂದರೆ 57. ಒಮ್ಮೆ ಕೊಟ್ಟ ನಂಬರನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಹೊಸಬರಿಗೆ ಯಾವಾಗಲೂ ಹಿಂದಿನದಕ್ಕಿಂತ ದೊಡ್ಡ ನಂಬರ್.

ಟೋಕನ್ನಿಗಿಂತ ಒಳ್ಳೆಯ ಹೋಲಿಕೆ ಜಮೀನಿನ ಸರ್ವೆ ನಂಬರ್. ಮಾಲೀಕ ಬದಲಾಗಲಿ, ಬೆಳೆ ಬದಲಾಗಲಿ, ನಂಬರ್ ಅದೇ. (ಪೋಡಿ ಆದರೆ ಏನು ಅಂತ ಕೇಳಬೇಡಿ, ಅದು ಬೇರೆ ರಾಮಾಯಣ.) ನಿಮ್ಮ ಲ್ಯಾಪ್‌ಟಾಪ್ ಸರ್ವರಿಗೆ "ನನ್ನ ಹತ್ತಿರ 4,210ರವರೆಗೆ ಇದೆ, ಮುಂದಿನದು ಕೊಡು" ಅನ್ನುತ್ತದೆ. ಸಿಂಕ್ ಎಂಬ ಮಾಯೆಯ ಒಳಗೆ ಇರುವುದು ಇಷ್ಟೇ.

ಆದರೆ ಇಡೀ ಊರಿಗೆ ಮರು ಸರ್ವೆ ಆದರೆ? ಹಳೆಯ ನಂಬರ್ ಹಿಡಿದುಕೊಂಡು ಹೋದವನು ಯಾರದೋ ತೋಟಕ್ಕೆ ಬೇಲಿ ಹಾಕುತ್ತಾನೆ. ಹಾಗಾಗದಿರಲಿ ಅಂತ ಪ್ರತಿ ಫೋಲ್ಡರಿಗೂ ಯುಐಡಿ-ವ್ಯಾಲಿಡಿಟಿ ಎಂಬ ಇನ್ನೊಂದು ಸಂಖ್ಯೆ ಇದೆ. ರಿಜಿಸ್ಟರಿನ ರಟ್ಟಿನ ಮೇಲೆ ಬರೆದ ಸಂಖ್ಯೆ ಅಂದುಕೊಳ್ಳಿ. ಅದು ಬದಲಾಯಿತು ಅಂದರೆ ಒಳಗಿನ ಎಲ್ಲ ನಂಬರೂ ರದ್ದು. ಆಗ ಲ್ಯಾಪ್‌ಟಾಪ್ ತನ್ನ ಹತ್ತಿರ ಇದ್ದ ಪ್ರತಿಗಳನ್ನೆಲ್ಲ ಬಿಸಾಡಿ, ಮೊದಲಿನಿಂದ ಇಳಿಸಿಕೊಳ್ಳಬೇಕು. ಕಂಪನಿಯವರು ಸರ್ವರ್ ಬದಲಾಯಿಸಿದಾಗ ಅಥವಾ ಒಂದು ಫೋಲ್ಡರ್ ಅಳಿಸಿ ಅದೇ ಹೆಸರಿನಲ್ಲಿ ಇನ್ನೊಂದು ಮಾಡಿದಾಗ ಹೀಗಾಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಎಂಟು ಸಾವಿರ ಮೇಲ್ ಮತ್ತೆ ಇಳಿಯುತ್ತಾ ಕೂತಿರುತ್ತದೆ. ಜನ ವೈರಸ್ ಅಂತ ಹೆದರುತ್ತಾರೆ. ವೈರಸ್ಸೂ ಇಲ್ಲ, ಎಂಥದೂ ಇಲ್ಲ, ರಿಜಿಸ್ಟರ್ ಹೊಸದು. ಸುಮ್ನೆ ಬಿಟ್ಟರೆ ತಾನೇ ಮುಗಿಸುತ್ತದೆ. ಮಧ್ಯದಲ್ಲಿ ರೀಸ್ಟಾರ್ಟ್ ಮಾಡಿದವರಿಗೆ ಸಿಗುವುದು ಇನ್ನಷ್ಟು ಕಾಯುವ ಯೋಗ ಮಾತ್ರ.

ಒಂದೇ ಮೇಲ್ ಎರಡು ಫೋಲ್ಡರಿನಲ್ಲಿ ಕಾಣುವ ಕಾಟಕ್ಕೂ ಕಾರಣ ಇಲ್ಲೇ ಪಕ್ಕದಲ್ಲಿದೆ. ಐಮ್ಯಾಪ್‌ಗೆ 'ಮೂವ್' ಎಂಬ ಆಜ್ಞೆ ಸೇರಿದ್ದು 2013ರಲ್ಲಿ, ನಂಬುತ್ತೀರಾ? ಅಲ್ಲಿಯವರೆಗೆ ಮೇಲನ್ನು ಸರಿಸುವುದು ಅಂದರೆ ಮೂರು ಹೆಜ್ಜೆ. ಆ ಫೋಲ್ಡರಿಗೆ ಒಂದು ಪ್ರತಿ ಮಾಡು, ಹಳೆಯದಕ್ಕೆ 'ಅಳಿಸಲಾಗಿದೆ' ಎಂಬ ಗುರುತು ಹಾಕು, ಆಮೇಲೆ ಗುರುತು ಹಾಕಿದ್ದನ್ನು ಗುಡಿಸಿ ಎಸೆ. ಮೊದಲ ಹೆಜ್ಜೆಯಾಗಿ ಕರೆಂಟು ಹೋದರೆ ಮೇಲ್ ಎರಡೂ ಕಡೆ ಉಳಿಯಿತು. ಹೊಸ ಆಜ್ಞೆ ಇಲ್ಲದ ಹಳೆಯ ಸರ್ವರುಗಳಲ್ಲಿ ಇವತ್ತಿಗೂ ಇದೇ ಕಥೆ. ಗುರುತು ಹಾಕಿ ಗುಡಿಸದೆ ಬಿಟ್ಟರೆ ಇನ್ನೊಂದು ತಮಾಷೆ: ಒಂದು ಸಾಫ್ಟ್‌ವೇರ್ ಅದನ್ನು ಗೆರೆ ಹೊಡೆದು ತೋರಿಸುತ್ತದೆ, ಇನ್ನೊಂದು ಮರೆಮಾಡುತ್ತದೆ. ನೋಡುವವರಿಗೆ ಒಂದು ಕಡೆ ಇದೆ, ಒಂದು ಕಡೆ ಇಲ್ಲ.

ಇನ್ನು ರೀಸ್ಟಾರ್ಟ್ ಯಾಕೆ ಕೆಲಸ ಮಾಡುತ್ತದೆ ಅನ್ನುವುದು. ಹೊಸ ಮೇಲ್ ಬಂದ ಕ್ಷಣವೇ ತಿಳಿಸಲಿ ಅಂತ 1997ರಲ್ಲಿ 'ಐಡಲ್' ಎಂಬ ಏರ್ಪಾಡು ಬಂತು. ಕಂಪ್ಯೂಟರ್ ಸರ್ವರಿನ ಜೊತೆ ಫೋನ್ ಇಡದೆ ಸುಮ್ಮನೆ ಕಿವಿಗಿಟ್ಟುಕೊಂಡು ಕೂತಿರುತ್ತದೆ. ಅರ್ಧ ಗಂಟೆ ಮಾತಿಲ್ಲದಿದ್ದರೆ ಸರ್ವರ್ ಲೈನ್ ಕತ್ತರಿಸಬಹುದು, ಅದಕ್ಕೆ 29 ನಿಮಿಷಕ್ಕೊಮ್ಮೆಯಾದರೂ "ಹಲೋ, ಇದ್ದೀರಾ?" ಅನ್ನಬೇಕು ಅಂತ ದಾಖಲೆಯಲ್ಲೇ ಬರೆದಿದೆ. ಆದರೆ ಮಧ್ಯದಲ್ಲಿರುವ ಮನೆಯ ರೂಟರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಮಾತಿಲ್ಲದ ಲೈನನ್ನು ಅದು ಮೊದಲೇ ಮರೆತುಬಿಡುತ್ತದೆ. ಕಂಪ್ಯೂಟರ್ ಮಾತ್ರ ಸತ್ತ ಫೋನನ್ನು ಕಿವಿಗಿಟ್ಟುಕೊಂಡು ಕೂತೇ ಇರುತ್ತದೆ. ರೀಸ್ಟಾರ್ಟ್ ಮಾಡಿದರೆ ಹೊಸ ಲೈನ್ ಸಿಗುತ್ತದೆ, ಫೋಲ್ಡರ್ ಪಟ್ಟಿಯನ್ನೂ ಮತ್ತೆ ಕೇಳುತ್ತದೆ, ಎಲ್ಲ ಸರಿಯಾಗುತ್ತದೆ. ಸಾಫ್ಟ್‌ವೇರನ್ನು ಮುಚ್ಚಿ ತೆರೆದಿದ್ದರೂ ಅಷ್ಟೇ ಆಗುತ್ತಿತ್ತು. ಇನ್ನೊಂದು, ಐಡಲ್ ಒಂದು ಲೈನಿನಲ್ಲಿ ಕಾಯುವುದು ಒಂದೇ ಫೋಲ್ಡರನ್ನು, ಸಾಮಾನ್ಯವಾಗಿ ಇನ್‌ಬಾಕ್ಸ್. ಸರ್ವರಿನ ಫಿಲ್ಟರ್ ಮೇಲನ್ನು ನೇರವಾಗಿ ಬೇರೆ ಫೋಲ್ಡರಿಗೆ ಹಾಕಿದ್ದರೆ ನಿಮಗೆ ಸುದ್ದಿಯೇ ಇಲ್ಲ. ಥಂಡರ್‌ಬರ್ಡ್ ಎಂಬ ಮೇಲ್ ಸಾಫ್ಟ್‌ವೇರಿನಲ್ಲಿ ಆ ಫೋಲ್ಡರಿನ ಪ್ರಾಪರ್ಟೀಸಿಗೆ ಹೋಗಿ, ಹೊಸ ಮೇಲಿಗಾಗಿ ಇದನ್ನೂ ಯಾವಾಗಲೂ ನೋಡು ಎಂಬ ಸಾಲಿಗೆ ಟಿಕ್ ಹಾಕಬೇಕು.

ಬ್ರೌಸರಿನಲ್ಲಿ ಫೋಲ್ಡರ್ ಇದ್ದೂ ಕಂಪ್ಯೂಟರಿನಲ್ಲಿ ಕಾಣದಿದ್ದರೆ 'ಸಬ್‌ಸ್ಕ್ರೈಬ್' ನೋಡಿ. ಐಮ್ಯಾಪ್‌ನಲ್ಲಿ ಫೋಲ್ಡರ್ ಇರುವುದು ಬೇರೆ, ಅದಕ್ಕೆ ಚಂದಾದಾರರಾಗುವುದು ಬೇರೆ. ಚಂದಾ ಇಲ್ಲದ ಫೋಲ್ಡರನ್ನು ಕೆಲವು ಸಾಫ್ಟ್‌ವೇರ್ ತೋರಿಸುವುದೇ ಇಲ್ಲ. ಜಿಮೇಲಿನಲ್ಲಿ ಫೋಲ್ಡರೇ ಇಲ್ಲ, ಇರುವುದು ಲೇಬಲ್. ಸೆಟ್ಟಿಂಗ್ಸಿನಲ್ಲಿ ಪ್ರತಿ ಲೇಬಲ್ಲಿನ ಮುಂದೆ 'ಐಮ್ಯಾಪ್‌ನಲ್ಲಿ ತೋರಿಸು' ಎಂಬ ಚೌಕ ಇದೆ, ಅದು ಖಾಲಿ ಇದ್ದರೆ ಹೊರಗೆ ಕಾಣುವುದಿಲ್ಲ. ಒಂದು ಮೇಲಿಗೆ ಮೂರು ಲೇಬಲ್ ಇದ್ದರೆ ಮೂರು ಫೋಲ್ಡರಿನಲ್ಲಿ ಕಾಣುತ್ತದೆ, ಗಾಬರಿ ಬೇಡ. 'ಸೆಂಟ್' ಮತ್ತು 'ಸೆಂಟ್ ಐಟಮ್ಸ್' ಅಂತ ಎರಡೆರಡು ಇದ್ದರೆ, ಒಂದೊಂದು ಸಾಫ್ಟ್‌ವೇರ್ ಒಂದೊಂದಕ್ಕೆ ಹಾಕುತ್ತಿದೆ ಅಂತ ಅರ್ಥ. ಖಾತೆಯ ಸೆಟ್ಟಿಂಗ್ಸಿನಲ್ಲಿ ಎಲ್ಲಕ್ಕೂ ಒಂದನ್ನೇ ತೋರಿಸಿಕೊಡಿ.

ಭಾವನ ಕೆಲಸಕ್ಕೆ ಬರೋಣ. ಹಳೆಯ ಪಾಪ್ ಖಾತೆ ಮುಟ್ಟಲಿಲ್ಲ. ಮೊದಲು ಮೇಲ್ ಇದ್ದ ಫೋಲ್ಡರನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಸಿದೆ. ಆಮೇಲೆ 14 ದಿನದ ಟಿಕ್ ತೆಗೆಸಿ, ಅದೇ ವಿಳಾಸವನ್ನು ಐಮ್ಯಾಪ್ ಆಗಿ ಪಕ್ಕದಲ್ಲಿ ಇನ್ನೊಮ್ಮೆ ಸೇರಿಸಿದೆವು. ಪೋರ್ಟ್, ಅಂದರೆ ಸರ್ವರಿನ ಬಾಗಿಲ ನಂಬರ್, 993. 'ಪರೀಕ್ಷೆ' ಅಂತ ಒಂದು ಫೋಲ್ಡರ್ ಮಾಡಿ ಒಂದು ಮೇಲ್ ಹಾಕಿದೆವು. ಮನೆಯಲ್ಲಿ ಅಕ್ಕ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. "ಬಂತು, ಕನ್ನಡದಲ್ಲೇ ಬಂತು" ಎಂದಳು. ಆಮೇಲೆ 43 ಫೋಲ್ಡರುಗಳನ್ನು ಒಂದೊಂದಾಗಿ ಕಾಪಿ ಮಾಡಿದ್ದು, ಎಳೆದು ಹಾಕಿ ಸರಿಸಿದ್ದಲ್ಲ. ರಾತ್ರಿಯಿಡೀ ಮೇಲೆ ಹೋಗುತ್ತಲೇ ಇತ್ತು.

ಬೆಳಿಗ್ಗೆ ಮತ್ತೆ ಫೋನ್. "ಎಲ್ಲ ಬಂದಿದೆ, ಆದರೆ ಆಡಿಟ್ ಫೋಲ್ಡರ್ ಇಲ್ಲ, 2022 ಅಂತ ಏನೋ ಖಾಲಿ ಫೋಲ್ಡರ್ ಬಂದು ಕೂತಿದೆ." ಹೆಸರೇನಿಟ್ಟಿದ್ದಿರಿ ಅಂತ ಕೇಳಿದೆ. "2022/23 ಆಡಿಟ್." ಲೆಕ್ಕ ಬರೆಯುವವರು ವರ್ಷವನ್ನು ಬೇರೆ ಹೇಗೆ ಬರೆಯುತ್ತಾರೆ? ಆದರೆ ಅವರ ಸರ್ವರಿಗೆ ಆ ಓರೆ ಗೆರೆ ಅಂದರೆ ಮೆಟ್ಟಿಲು. 2022 ಎಂಬ ಕೋಣೆ ಕಟ್ಟಿ, ಅದರೊಳಗೆ '23 ಆಡಿಟ್' ಎಂಬ ಇನ್ನೊಂದು ಕೋಣೆ ಕಟ್ಟಿತ್ತು. ಕೆಲವು ಸರ್ವರುಗಳಿಗೆ ಚುಕ್ಕೆಯೇ ಮೆಟ್ಟಿಲು. ಅಲ್ಲಿ 'ಕೆ.ಆರ್. ಟ್ರೇಡರ್ಸ್' ಅಂತ ಹೆಸರಿಟ್ಟರೆ ಗತಿ ಏನು, ನೀವೇ ಯೋಚಿಸಿ. ಓರೆ ಗೆರೆ ಬದಲು ಅಡ್ಡಗೆರೆ ಹಾಕಿಸಿದೆ. ಸರಿಹೋಯಿತು.

"ಈಗ ಫೋನಿನಲ್ಲೂ ಕಾಣ್ತದೆ ಅಲ್ವಾ?" ಭಾವ ಕೇಳಿದರು.

"ಕಾಣ್ತದೆ ಭಾವ."

"ಫೋನಿನಲ್ಲಿ ಅಳಿಸಿದರೆ ಆಫೀಸಿನಲ್ಲೂ ಹೋಗ್ತದಾ?"

"ಹೋಗ್ತದೆ. ಇರುವುದು ಒಂದೇ ಲೆಡ್ಜರ್."

ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಕಾರ್ಟೂನ್ ನೋಡುತ್ತಿದ್ದ ಮೊಮ್ಮಗನ ಕೈಯಿಂದ ಫೋನ್ ಇಸಿದುಕೊಳ್ಳಲು ಎದ್ದು ಹೋದರು. ಅವನು ಅತ್ತದ್ದು ನನಗೂ ಕೇಳಿಸಿತು.