ಆಧಾರ್, ಡಿಜಿಲಾಕರ್ ಎಲ್ಲಾ ಇದ್ದೂ ಭಾರತಕ್ಕೆ 97ನೇ ಸ್ಥಾನ ಯಾಕೆ?

ಓದುಗರ ಪ್ರಶ್ನೆ: ವಿಶ್ವಸಂಸ್ಥೆಯ ಇ-ಆಡಳಿತ ಪಟ್ಟಿಯಲ್ಲಿ ಡೆನ್ಮಾರ್ಕ್ ಮೊದಲನೆಯದು, ಭಾರತ 97ನೆಯದು ಅಂತ ಓದಿದೆ. ನಮ್ಮಲ್ಲಿ ಆಧಾರ್ ಇದೆ, ಡಿಜಿಲಾಕರ್ ಇದೆ, ಪಹಣಿ ಕೂಡ ಮೊಬೈಲಿನಲ್ಲೇ ಸಿಗುತ್ತದೆ. ಹಾಗಿದ್ದೂ ಇಷ್ಟು ಹಿಂದೆ ಯಾಕೆ?

ನೀವು ಓದಿದ್ದು 2024ರ ಪಟ್ಟಿ. ಡೆನ್ಮಾರ್ಕ್, ಎಸ್ಟೋನಿಯಾ, ಸಿಂಗಪುರ ಮೊದಲ ಮೂರು ಸ್ಥಾನದಲ್ಲಿವೆ. ವಿಶ್ವಸಂಸ್ಥೆ ಎರಡು ವರ್ಷಕ್ಕೊಮ್ಮೆ ತನ್ನ 193 ಸದಸ್ಯ ದೇಶಗಳನ್ನೂ ಹೀಗೆ ಅಳೆಯುತ್ತದೆ.

ಅಳತೆ ಹೇಗೆ ಅಂತ ಗೊತ್ತಾದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ. ಸರ್ಕಾರದ ಆನ್‌ಲೈನ್ ಸೇವೆ ಹೇಗಿದೆ ಅನ್ನುವುದಕ್ಕೆ ಒಟ್ಟು ಅಂಕದಲ್ಲಿ ಮೂರನೇ ಒಂದು ಪಾಲು ಮಾತ್ರ. ಇನ್ನೊಂದು ಪಾಲು ಜನರ ಕೈಯಲ್ಲಿ ಮೊಬೈಲ್, ಇಂಟರ್‌ನೆಟ್ ಎಷ್ಟಿದೆ ಅನ್ನುವುದಕ್ಕೆ. ಉಳಿದದ್ದು ಓದು ಬರಹಕ್ಕೆ: ಸಾಕ್ಷರತೆ ಎಷ್ಟು, ಜನ ಸರಾಸರಿ ಎಷ್ಟು ವರ್ಷ ಶಾಲೆಗೆ ಹೋಗಿದ್ದಾರೆ, ಇಂಥವು.

2020ರಲ್ಲಿ ಭಾರತಕ್ಕೆ ಬಂದ ಅಂಕ ನೋಡಿ. ಪೂರ್ತಿ ಅಂಕ ಅಂದರೆ 1 ಅಂತ ಲೆಕ್ಕ. ಆನ್‌ಲೈನ್ ಸೇವೆಗೆ 0.85. ಓದು ಬರಹಕ್ಕೆ 0.58. ಫೋನು, ನೆಟ್ ಸಂಪರ್ಕಕ್ಕೆ 0.35. ಸೇವೆಯಲ್ಲಿ ನಾವು ಮುಂದಿದ್ದೆವು, ಅದನ್ನು ಬಳಸುವ ಅನುಕೂಲದಲ್ಲಿ ತುಂಬಾ ಹಿಂದಿದ್ದೆವು. ಸರಾಸರಿ ಸುಮಾರು 0.6ಕ್ಕೆ ಇಳಿಯಿತು, ಸ್ಥಾನ 100ಕ್ಕೆ ಬಂತು. ಹಾಗಾಗಿ ಈ ಸ್ಥಾನ ನಮ್ಮ ಎಂಜಿನಿಯರುಗಳ ಕೆಲಸಕ್ಕೆ ಕೊಟ್ಟ ತೀರ್ಪು ಅಂದುಕೊಳ್ಳಬೇಡಿ. ಹಾಗಂತ ಪಟ್ಟಿಯೇ ಸುಳ್ಳು ಅಂತ ತಳ್ಳಿಹಾಕುವುದನ್ನೂ ನಾನು ಒಪ್ಪುವುದಿಲ್ಲ.

ಯಾಕೆ ಅಂದರೆ, ಆ 0.35 ಏನು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಅತ್ತೆಯ ಪಿಂಚಣಿ ಅರ್ಜಿ ಹಾಕಲು ಅವರನ್ನು ಕರೆದುಕೊಂಡು ಸೈಬರ್ ಸೆಂಟರಿಗೆ ಹೋಗಿದ್ದೆ. ಓಟಿಪಿ ಹೋಗಿದ್ದು ಯಾವತ್ತೋ ಬಿಟ್ಟ ಹಳೆಯ ನಂಬರಿಗೆ. ಅದನ್ನು ಬದಲಾಯಿಸಲು ಇನ್ನೊಂದು ಕಡೆ ಓಡಾಟ, ಒಂದು ದಿನದ ಕೂಲಿ ಹೋಯಿತು. ಆನ್‌ಲೈನ್ ಸೇವೆ ಇತ್ತು, ಚೆನ್ನಾಗಿಯೇ ಇತ್ತು. ಅತ್ತೆಗೆ ಅದು ಸಿಗಲಿಲ್ಲ, ಅಷ್ಟೇ.

ಡೆನ್ಮಾರ್ಕ್ 2018ರಿಂದ 2024ರವರೆಗೆ ಸತತ ನಾಲ್ಕು ಸಲ ಮೊದಲ ಸ್ಥಾನ ಪಡೆದಿದೆ. ಅದು ಒಂದೆರಡು ವರ್ಷದಲ್ಲಿ ಆದ ಕೆಲಸವಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಕೊಡಲು ಶುರುಮಾಡಿದ್ದು 1968ರಲ್ಲಿ. ಸರ್ಕಾರದ ಹಣ ನೇರವಾಗಿ ಬಂದು ಬೀಳಲು ಪ್ರತಿಯೊಬ್ಬರೂ ಒಂದು ಬ್ಯಾಂಕ್ ಖಾತೆಯನ್ನು ಗೊತ್ತುಮಾಡಬೇಕು. 2014ರ ನವೆಂಬರ್‌ನಿಂದ 15 ವರ್ಷ ದಾಟಿದವರಿಗೆಲ್ಲ ಸರ್ಕಾರದ ಪತ್ರಗಳು ಡಿಜಿಟಲ್ ಅಂಚೆಯಲ್ಲೇ ಬರುತ್ತವೆ. ನನಗೆ ಇಷ್ಟವಾಗಿದ್ದು ಇದರ ಜೊತೆಗೇ ಇರುವ ಇನ್ನೊಂದು ಸಂಗತಿ. ಕಂಪ್ಯೂಟರ್ ಬಳಸಲಾಗದವರು ವಿನಾಯಿತಿ ಕೇಳಬಹುದು, ಅವರಿಗೆ ಕಾಗದದ ಪತ್ರವೇ ಬರುತ್ತದೆ. ಪುರಸಭೆಯ ಕೌಂಟರಿನಲ್ಲಿ, ಗ್ರಂಥಾಲಯದಲ್ಲಿ ಕೂರಿಸಿಕೊಂಡು ಹೇಳಿಕೊಡುವವರೂ ಇದ್ದಾರೆ. ಇಡೀ ದೇಶದ ಜನಸಂಖ್ಯೆ ಸುಮಾರು 60 ಲಕ್ಷ, ಬೆಂಗಳೂರಿಗಿಂತ ಕಡಿಮೆ, ಅನ್ನುವುದನ್ನೂ ಮರೆಯಬಾರದು. ನಮಗೂ ಅವರಿಗೂ ನೇರ ಹೋಲಿಕೆ ಕಷ್ಟ.

ಇನ್ನೊಂದು ವಿಷಯ. ಈ ಸಮೀಕ್ಷೆ ಮುಖ್ಯವಾಗಿ ನೋಡುವುದು ದೇಶದ ಕೇಂದ್ರ ಸರ್ಕಾರದ ಜಾಲತಾಣಗಳನ್ನು. ಪ್ರತಿ ದೇಶದ್ದನ್ನೂ ಕನಿಷ್ಠ ಇಬ್ಬರು ಸಾಮಾನ್ಯ ನಾಗರಿಕರ ಹಾಗೆ ತೆರೆದು, ಹುಡುಕಿ ನೋಡುತ್ತಾರೆ. ನೀವು ಹೇಳಿದ ಪಹಣಿ ಬರುವುದು ನಮ್ಮ ರಾಜ್ಯದ ಭೂಮಿ ಯೋಜನೆಯಿಂದ. ಕೈಬರಹದ ಪಹಣಿಯ ಕಾಲ ಮುಗಿಸಿದ ದೊಡ್ಡ ಕೆಲಸ ಅದು. ಆದರೆ ಇಂಥ ರಾಜ್ಯದ ಸೇವೆಗಳು ಈ ಅಂಕದಲ್ಲಿ ಪೂರ್ತಿ ಕಾಣುವುದಿಲ್ಲ.

ಸ್ಥಾನ ಏರಿಳಿಯುವುದನ್ನೂ ಜಾಸ್ತಿ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. 2016ರಲ್ಲಿ 107, 2018ರಲ್ಲಿ 96, 2022ರಲ್ಲಿ 105, 2024ರಲ್ಲಿ 97. ಬೇರೆಯವರೂ ಏರುತ್ತಿರುತ್ತಾರೆ ಅಲ್ವಾ? ಮುಂದಿನ ಪಟ್ಟಿ ಬಂದಾಗ ಸ್ಥಾನ ಬಿಟ್ಟು, ಆ ಮೂರು ಅಂಕಗಳನ್ನು ಬೇರೆ ಬೇರೆಯಾಗಿ ನೋಡಿ. ನಾನಂತೂ ಮೊದಲು ನೋಡುವುದು ಸಂಪರ್ಕದ ಅಂಕ ಆ 0.35ರಿಂದ ಎಷ್ಟು ಮೇಲೆ ಬಂದಿದೆ ಅಂತ.