ನೈಟಿ ಮೇಲೆ ಯಾಕಿಷ್ಟು ತಕರಾರು?

2018ರಲ್ಲಿ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿ ಅನ್ನೋ ಊರಲ್ಲಿ ಹಿರಿಯರೆಲ್ಲ ಕೂತು ಒಂದು ಕಟ್ಟಳೆ ಮಾಡಿದ್ರು. ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ಯಾವ ಹೆಂಗಸೂ ನೈಟಿ ಹಾಕ್ಕೊಂಡು ಓಡಾಡಂಗಿಲ್ಲ, ಓಡಾಡಿದ್ರೆ 2000 ರೂಪಾಯಿ ದಂಡ, ಸುಳಿವು ಕೊಟ್ಟೋರಿಗೆ 1000 ಇನಾಮು. ಸುದ್ದಿ ದೇಶವೆಲ್ಲಾ ಸುತ್ತಾಡ್ತು, ಜನ ನಕ್ರು, ಅಧಿಕಾರಿಗಳು ಊರಿಗೆ ಹೋಗಿ ವಿಚಾರಿಸಿ ಬಂದ್ರು. ಆದ್ರೆ ಇದು ಮೊದಲನೇದೂ ಅಲ್ಲ ಕೊನೇದೂ ಅಲ್ಲ. 2014ರಲ್ಲಿ ನವಿ ಮುಂಬೈನ ಗೋಠಿವಲಿಯಲ್ಲಿ ಮಹಿಳಾ ಮಂಡಳಿಯವ್ರೇ, ಅಂದ್ರೆ ಹೆಂಗಸರೇ ಮುಂದೆ ನಿಂತು, ನೈಟಿಯಲ್ಲಿ ಬೀದಿಗೆ ಬಂದ್ರೆ 500 ರೂಪಾಯಿ ದಂಡ ಅಂದಿದ್ರು. 2023ರಲ್ಲಿ ಗ್ರೇಟರ್ ನೋಯ್ಡಾದ ಒಂದು ಅಪಾರ್ಟ್‌ಮೆಂಟಲ್ಲಿ ಲುಂಗಿ, ನೈಟಿ ಹಾಕ್ಕೊಂಡು ಮನೆಯಿಂದ ಹೊರಗೆ ಅಡ್ಡಾಡ್ಬೇಡಿ ಅಂತ ಸರ್ಕ್ಯುಲರ್ ಬಂತು. ಗಂಡಸರನ್ನೂ ಸೇರಿಸ್ಕೊಂಡ್ರಲ್ಲ, ಅಷ್ಟರ ಮಟ್ಟಿಗೆ ನ್ಯಾಯ.

ವಿಚಿತ್ರ ಏನಂದ್ರೆ ನೈಟಿಯಷ್ಟು ಮೈ ಮುಚ್ಚೋ ಬಟ್ಟೆಗಳು ನಮ್ಮಲ್ಲಿ ಕಮ್ಮಿನೇ. ಸೀರೆಯಲ್ಲಾದ್ರೂ ಸೊಂಟ ಕಾಣುತ್ತೆ, ಬೆನ್ನು ಕಾಣುತ್ತೆ, ಇದು ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ಸಮ ಇಳಿಬಿದ್ದಿರುತ್ತೆ. ಹಾಗಾದ್ರೆ ಏನು ತೊಂದ್ರೆ ಇವ್ರಿಗೆಲ್ಲ?

ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ನಮ್ಮ ಅಜ್ಜಿಯರ ಕಾಲದಲ್ಲಿ ಮಲಗೋಕೆ ಅಂತ ಬೇರೆ ಬಟ್ಟೆ ಅನ್ನೋದೇ ಬಹಳಷ್ಟು ಮನೆಗಳಲ್ಲಿ ಇರ್ಲಿಲ್ಲ. ಸೀರೆ ಹೊಸದಿದ್ದಾಗ ಮದುವೆ ಜಾತ್ರೆಗೆ, ಬಣ್ಣ ಮಾಸಿದ ಮೇಲೆ ಮನೆಗೆ, ಒಗೆದು ಒಗೆದು ಮೆತ್ತಗಾದ ಮೇಲೆ ಅದೇ ಉಟ್ಕೊಂಡು ಮಲಗೋದು, ಚಳಿಯಾದ್ರೆ ಸೆರಗೇ ಹೊದಿಕೆ, ಪೂರ್ತಿ ಹರಿದ ಮೇಲೆ ಉತ್ತರ ಕರ್ನಾಟಕದ ಕಡೆ ಆದ್ರೆ ಕೌದಿಗೆ ಹೋಗೋದು. ಮಲಗ್ತಿದ್ದಿದ್ದೂ ಎಲ್ಲಿ? ನಡುಮನೆಯಲ್ಲಿ ಚಾಪೆ ಹಾಸಿ ಅತ್ತೆ, ನಾದಿನಿ, ಮಕ್ಕಳು ಎಲ್ಲಾ ಸಾಲಾಗಿ. ಗಂಡ ಹೆಂಡ್ತಿಗೆ ಅಂತ ಒಂದು ಕೋಣೆ ಇದ್ರೆ ಅದು ಅನುಕೂಲಸ್ಥರ ಮನೆ.

ಬ್ರಿಟಿಷ್ ಹೆಂಗಸರು ಇಲ್ಲಿಗೆ ತಂದಿದ್ದ ನೈಟ್‌ಗೌನ್ ಹುಟ್ಟಿದ್ದೇ ಬೇರೆ ಥರದ ಮನೆಯಲ್ಲಿ. ವಿಕ್ಟೋರಿಯಾ ರಾಣಿ ಕಾಲದ್ದು ಕತ್ತಿನವರೆಗೆ ಗುಂಡಿ, ಉದ್ದ ತೋಳು, ಬಿಳೀ ಹತ್ತಿ ಬಟ್ಟೆ. ಮೈ ಮುಚ್ಚಿರೋದೇನೋ ಸರಿ, ಆದ್ರೆ ಅದನ್ನ ಹಾಕ್ಕೊಂಡು ಅವ್ರು ಬೆಡ್‌ರೂಮ್ ಬಾಗಿಲು ದಾಟ್ತಿರ್ಲಿಲ್ಲ, ದಾಟೋ ಹಾಗಿದ್ರೆ ಮೇಲೊಂದು ಡ್ರೆಸ್ಸಿಂಗ್ ಗೌನ್ ಬೇಕು. ನಮ್ಮ ಪೇಟೆಗಳಿಗೆ 70-80ರ ದಶಕದ ಹೊತ್ತಿಗೆ ಬಂದ ಟೂ ಪೀಸ್ ನೈಟಿ ಇದರದ್ದೇ ಮೊಮ್ಮಗಳು, ಒಳಗೆ ಜಾರೋ ಸ್ಯಾಟಿನ್ನೋ ನೈಲಾನೋ, ಮೇಲೆ ಲೇಸ್ ಹಚ್ಚಿದ ಕೋಟು. ಮದುವೆ ಹೆಣ್ಣಿನ ಸೂಟ್‌ಕೇಸಲ್ಲಿ ಇಟ್ಟು ಕಳಿಸ್ತಿದ್ರು. ಸೆಕೆಗೆ ಅದನ್ನ ಯಾರು ಹಾಕ್ತಾರೆ, ಬೀರುವಿನಲ್ಲಿ ನುಸಿಗುಳಿಗೆ ಜೊತೆ ಹಾಗೇ ಉಳಿದಿದ್ದೇ ಜಾಸ್ತಿ.

ಗೆದ್ದಿದ್ದು ಹತ್ತಿ ನೈಟಿ. ಗುಜರಾತಿನ ಜೇತ್‌ಪುರ, ರಾಜಸ್ಥಾನದ ಬಾಲೋತ್ರಾ ಥರದ ಊರುಗಳಲ್ಲಿ ಅಗ್ಗದ ಬಟ್ಟೆ ಮೇಲೆ ಥಾನುಗಟ್ಲೆ ಪ್ರಿಂಟ್ ಹೊಡೆದು ಕಳಿಸೋರು, ನಮ್ಮ ಚಿಕ್ಕಪೇಟೆ ಹೋಲ್‌ಸೇಲ್ ಅಂಗಡಿಗಳಿಂದ ಹಿಡಿದು ಸಂತೆಯಲ್ಲಿ ಪ್ಲಾಸ್ಟಿಕ್ ಹಾಸಿ ಗುಡ್ಡೆ ಹಾಕೋರ ತನಕ ಎಲ್ಲಾ ಕಡೆ ಅದೇ ಹೂವು, ಅದೇ ಬಳ್ಳಿ. ಟೈಲರ್ ಹತ್ರ ಅಳತೆ ಕೊಡ್ಬೇಕಿಲ್ಲ, ಲೈನಿಂಗ್, ಫಾಲ್ಸು, ಮ್ಯಾಚಿಂಗ್ ರವಿಕೆ ಯಾವ್ದೂ ಬೇಡ, ಇಸ್ತ್ರಿನೂ ಬೇಡ. ಗಂಡನನ್ನ ಕೇಳದೆ, ಹಬ್ಬ ಬರ್ಲಿ ಅಂತ ಕಾಯದೆ, ತರಕಾರಿ ದುಡ್ಡಲ್ಲಿ ಉಳಿಸಿ ತಗೊಳ್ಬಹುದಾದ ಬಟ್ಟೆ. ಎಷ್ಟೋ ಹೆಂಗಸರಿಗೆ ತಮಗೋಸ್ಕರ ತಾವೇ ಆರಿಸಿ ತಂದ ಮೊದಲ ರೆಡಿಮೇಡ್ ಬಟ್ಟೆ ಇದೇ ಇರ್ಬೇಕು ಅಂತ ನಂಗನ್ಸುತ್ತೆ.

ಇನ್ನೊಂದು ದಾರಿ ಆಸ್ಪತ್ರೆದು. ಹೆರಿಗೆಗೆ ಅಡ್ಮಿಟ್ ಆಗೋವಾಗ ಬ್ಯಾಗಲ್ಲಿ ಎರಡು ನೈಟಿ ಇರ್ಲಿ ಅಂತ ನರ್ಸಮ್ಮನೇ ಹೇಳೋರು, ಮುಂದೆ ಜಿಪ್ ಇರೋ ಫೀಡಿಂಗ್ ನೈಟಿ ಬಂದ್ಮೇಲೆ ಮಗುಗೆ ಹಾಲು ಕುಡಿಸೋದು ಸಲೀಸಾಯ್ತು, ಬಾಣಂತನ ಮುಗಿಸಿ ಮನೆಗೆ ಬಂದವಳು ಮತ್ತೆ ಸೀರೆಗೆ ಹೋಗು ಅಂದ್ರೆ ಯಾಕೆ ಹೋಗ್ತಾಳೆ. ಮೂವತ್ತು ವರ್ಷ ನೈಟಿ ಕಂಡ್ರೆ ಮುಖ ಸಿಂಡರಿಸ್ತಿದ್ದ ಅತ್ತೆ, ಮಂಡಿನೋವಿನ ಆಪರೇಷನ್ ಆದ್ಮೇಲೆ ತಾನೂ ಅದಕ್ಕೇ ಬಿದ್ದಿದ್ದು ಬೇಕಾದಷ್ಟು ಮನೆಯಲ್ಲಿದೆ.

ಅಡುಗೆಮನೆಗೆ ಬಂತು ನೋಡಿ, ಅಲ್ಲಿಂದ ಬಟ್ಟೆನೇ ಬದಲಾಯ್ತು. ಲೇಸ್ ಹೋಯ್ತು, ಎದೆ ಹತ್ರ ನೆರಿಗೆ ಬಂತು, ಬೆವರು ಎಣ್ಣೆಕಲೆ ಕಾಣದ ಕಡುಬಣ್ಣ ಬಂತು, ಬಲಗಡೆ ಸೊಂಟದ ಹತ್ರ ಒಂದು ಜೇಬು ಬಂತು. ಸೀರೆಗಿಲ್ಲ, ಮುಕ್ಕಾಲುವಾಸಿ ಚೂಡಿದಾರಕ್ಕೂ ಇಲ್ಲದ ಜೇಬು! ಗೇಟಿನ ಕೀಲಿ, ಹಾಲಿನವನಿಗೆ ಚಿಲ್ಲರೆ, ಆಮೇಲೆ ಮೊಬೈಲು. ಕೆಳಗಡೆ ತುದಿ ಎತ್ತಿ ಸೊಂಟಕ್ಕೆ ಸಿಗಿಸ್ಕೊಂಡ್ರೆ ಅಂಗಳಕ್ಕೆ ನೀರು ಹಾಕಿ ಸಾರಿಸಬಹುದು. ಇಂಥದ್ದನ್ನ ಮಲಗೋ ಬಟ್ಟೆ ಅನ್ನೋದೇ ಕಷ್ಟ. ಕೆಲಸದ ಬಟ್ಟೆ ಇದು, ದಣಿದು ಅದರಲ್ಲೇ ಮಲಗೋದೂ ಉಂಟು ಅಷ್ಟೆ.

ತಕರಾರು ಇರೋದು ಎರಡು ಕಡೆ ಅಂತ ನನ್ನ ಲೆಕ್ಕ. ಒಂದು, ನೈಟಿಗೆ ಸೆರಗಿಲ್ಲ. ಮಾವ ಬಂದ್ರೆ, ಊರ ಹಿರಿಯರು ಎದುರಾದ್ರೆ ಎಳ್ಕೊಳ್ಳೋಕೆ ಏನೂ ಇಲ್ಲ. ಅದಕ್ಕೇ ಹೆಂಗಸರು ತಾವೇ ಒಂದು ದಾರಿ ಕಂಡ್ಕೊಂಡ್ರು, ಬಾಗಿಲು ಬೆಲ್ ಆದ್ರೆ ಸಾಕು ಹೆಗಲಿಗೆ ಟವೆಲ್, ಇಲ್ಲಾ ಯಾವ್ದೋ ಹಳೇ ಚೂಡಿದಾರದ ವೇಲು, ಹಸಿರು ನೈಟಿಗೆ ಕೆಂಪು ವೇಲು ಆದ್ರೂ ಪರವಾಗಿಲ್ಲ. ಇನ್ನೊಂದು, ಬೆಡ್‌ರೂಮ್ ಇರೋ ಮನೆಯಲ್ಲಿ ನೈಟ್‌ಗೌನಿಗೆ ಗಡಿ ಇತ್ತು, ನಡುಮನೆಯಲ್ಲಿ ಮಲಗೋರಿಗೆ ಯಾವ ಗಡಿ? ಒಳಗಿಂದ ಹಿತ್ತಲಿಗೆ, ಹಿತ್ತಲಿಂದ ನಲ್ಲಿಗೆ, ನಲ್ಲಿಯಿಂದ ಬೀದಿ ಕೊನೆಯ ಅಂಗಡಿಗೆ, ಮಗುನ ಸ್ಕೂಲ್ ವ್ಯಾನ್ ಹತ್ತಿಸೋಕೆ ಅಂತ ಹೆಜ್ಜೆ ಹೆಜ್ಜೆಯಾಗಿ ಹೊರಗೆ ಬಂತು. ದಂಡ ಹಾಕೋರಿಗೆ ಮೈ ಕಂಡಿದ್ದು ತೊಂದ್ರೆ ಆಗ್ಲಿಲ್ಲ, ಹೆಂಗಸು ಬೀದಿಯನ್ನೂ ತನ್ನ ಮನೆ ಥರ ನೋಡಿದ್ದು ತೊಂದ್ರೆ ಆಯ್ತು. ಗಂಡಸು ಬನಿಯನ್ ಲುಂಗಿಯಲ್ಲಿ ಟೀ ಅಂಗಡಿ ಮುಂದೆ ಕೂತ್ರೆ ಊರ ಪಂಚಾಯ್ತಿ ಸೇರಿದ್ದು ನಾನಂತೂ ಕೇಳಿಲ್ಲ.

ಈಗಿನ ಹುಡ್ಗೀರು ನೈಟಿ ಅಂದ್ರೆ ಅಮ್ಮನ ಬಟ್ಟೆ ಅಂತಾರೆ. ಅವ್ರಿಗೆ ನೈಟ್ ಪ್ಯಾಂಟು, ಅಣ್ಣನ ಹಳೇ ಟೀ ಶರ್ಟು, ಇಲ್ಲಾ ಪೈಜಾಮ ಸೆಟ್. ಪೈಜಾಮ ಇಲ್ಲಿಂದಲೇ ಬ್ರಿಟಿಷ್ ಗಂಡಸರು ಮಲಗೋಕೆ ಅಂತ ಊರಿಗೆ ತಗೊಂಡು ಹೋಗಿದ್ದು, ಅದು ಕಾರ್ಟೂನ್ ಬೆಕ್ಕಿನ ಪ್ರಿಂಟ್ ಹೊಡೆಸ್ಕೊಂಡು ನಮ್ಮ ಹೆಣ್ಮಕ್ಕಳಿಗೆ ವಾಪಸ್ ಬಂದಿದೆ. 2011ರಲ್ಲಿ ಬೆಂಗಳೂರಲ್ಲೇ ಶುರುವಾದ, ಹೆಂಗಸರ ಒಳಉಡುಪು, ರಾತ್ರಿ ಬಟ್ಟೆ ಮಾರೋ ಜಿವಾಮೆಯಂಥ ಆನ್‌ಲೈನ್ ಅಂಗಡಿಗಳು ಬಂದ್ಮೇಲೆ, ಕೌಂಟರಲ್ಲಿ ನಿಂತಿರೋ ಗಂಡಸಿನ ಹತ್ರ ಸೈಜ್ ಹೇಳೋ ಮುಜುಗರನೂ ತಪ್ತು. 2020ರ ಲಾಕ್‌ಡೌನಲ್ಲಿ ಮೇಲೆ ಟಾಪು ಕೆಳಗೆ ಪೈಜಾಮ ಹಾಕ್ಕೊಂಡು ಆಫೀಸ್ ಮೀಟಿಂಗ್ ಮುಗ್ಸಿದವ್ರಿಗೆ ಹಗಲು ಬಟ್ಟೆ ರಾತ್ರಿ ಬಟ್ಟೆ ವ್ಯತ್ಯಾಸನೇ ಹೊರಟೋಯ್ತು.

ಮಜಾ ಅಂದ್ರೆ ಹತ್ತಿ ನೈಟಿಯ ಅದೇ ಕಟ್ಟಿಂಗು, ಅದೇ ನೆರಿಗೆ, ಅದೇ ಜೇಬು ಇಟ್ಟು ಮೇಲೊಂದು ಕಾಲರ್ ಹಚ್ಚಿ ಲೌಂಜ್‌ವೇರ್ ಅಂತ, ಮ್ಯಾಕ್ಸಿ ಡ್ರೆಸ್ ಅಂತ ಮಾಲ್‌ಗಳಲ್ಲಿ ಮಾರ್ತಿದ್ದಾರೆ, ಬೆಲೆ ಸಂತೆ ನೈಟಿಗಿಂತ ಎಷ್ಟೋ ಪಟ್ಟು. ಅದನ್ನ ಹಾಕ್ಕೊಂಡು ಬ್ರಂಚಿಗೆ ಹೋದವ್ರಿಗೆ ಇನ್ನೂ ಯಾರೂ ದಂಡ ಹಾಕಿಲ್ಲ.