ಕಿಲ್ಪೆಕ್ ಚರ್ಚು: ಸೂರಿನ ಕೆಳಗೆ ನೋಡಿ

ರೋಮನೆಸ್ಕ್, ಅಂದರೆ ಮಧ್ಯಯುಗದ ಯುರೋಪಿನ ದುಂಡು ಕಮಾನಿನ ಕಟ್ಟಡ ಶೈಲಿ, ಎಂದೊಡನೆ ದೊಡ್ಡ ಕೆಥೆಡ್ರಲ್‌ಗಳ (ಬಿಷಪ್ಪರ ಮುಖ್ಯ ಚರ್ಚುಗಳ) ಹೆಸರುಗಳನ್ನು ಉರುಹೊಡೆಯುವುದು ನಮ್ಮ ಅಭ್ಯಾಸ. ನನಗೆ ಆ ಶೈಲಿ ತಲೆಗೆ ಹತ್ತಿದ್ದು ಒಂದು ಹಳ್ಳಿ ಚರ್ಚಿನಿಂದ. ಇಂಗ್ಲೆಂಡಿನ ಹೆರೆಫೋರ್ಡ್‌ಶೈರ್‌ನಲ್ಲಿ, ವೇಲ್ಸ್ ಗಡಿಯ ಹತ್ತಿರ ಕಿಲ್ಪೆಕ್ ಎಂಬ ಪುಟ್ಟ ಊರಿದೆ. ಅಲ್ಲಿನ ಸೇಂಟ್ ಮೇರಿ ಮತ್ತು ಸೇಂಟ್ ಡೇವಿಡ್ ಚರ್ಚು ಅದು. ಇಂಗ್ಲೆಂಡಿನಲ್ಲಿ ಈ ಶೈಲಿಗೆ ನಾರ್ಮನ್ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಪರೀಕ್ಷೆಗೆ ಓದುತ್ತಿರುವವರೇ, ಪ್ರಶ್ನೆಪತ್ರಿಕೆಯಲ್ಲಿ ಈ ಎರಡರಲ್ಲಿ ಯಾವ ಹೆಸರು ಬಂದರೂ ಗಾಬರಿ ಬೇಡ.

ಕಾಲದ ವಿಷಯದಲ್ಲಿ ಒಂದು ಎಚ್ಚರ. 1134ರಲ್ಲಿ ಊರಿನ ಒಡೆಯ ಹ್ಯೂ ಇಲ್ಲಿನ ಚರ್ಚನ್ನು ಗ್ಲಾಸ್ಟರ್ ಮಠಕ್ಕೆ ದಾನ ಕೊಟ್ಟ. ಅದು ದಾನದ ವರ್ಷವೇ ಹೊರತು ಕಟ್ಟಿದ ವರ್ಷವಲ್ಲ. ಈಗಿನ ಕಟ್ಟಡ ಸುಮಾರು 1140ರದ್ದು ಎಂದು ಕೆತ್ತನೆಯನ್ನು ನೋಡಿ ಹೇಳುತ್ತಾರೆ. ಒಡೆಯನ ಕೋಟೆಯ ದಿಬ್ಬ, ಮುರುಕು ಗೋಡೆಗಳು ಚರ್ಚಿನ ಹಿಂದೆಯೇ ಇವೆ.

ನಕ್ಷೆ ಸರಳ: ಪಶ್ಚಿಮದಲ್ಲಿ ಜನ ಸೇರುವ ನೇವ್, ನಡುವೆ ಪಾದ್ರಿಗಳ ಚಾನ್ಸೆಲ್, ಪೂರ್ವದ ತುದಿಯಲ್ಲಿ ಏಪ್ಸ್ ಎಂಬ ಅರ್ಧವೃತ್ತದ ಭಾಗ. ದುಂಡು ಕಮಾನು ಭಾರವನ್ನು ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ನೂಕುತ್ತದೆ; ಆದ್ದರಿಂದ ಗೋಡೆ ದಪ್ಪ, ಕಿಟಕಿ ಕಿರಿದು.

ನಿಜವಾದ ಸಿರಿಯಿರುವುದು ಕೆಂಪು ಮರಳುಗಲ್ಲಿನ ಕೆತ್ತನೆಯಲ್ಲಿ. ದಕ್ಷಿಣದ ಬಾಗಿಲಿನ ಮೇಲಿನ ಅರೆಚಂದ್ರಾಕಾರದ ಕಲ್ಲಿನಲ್ಲಿ ಜೀವವೃಕ್ಷವಿದೆ. ಕಂಬಗಳಲ್ಲಿ ಹಾವುಗಳು ಹೆಣೆದುಕೊಂಡಿವೆ. ಬಳ್ಳಿಗೆ ಸಿಕ್ಕಿಕೊಂಡ ಇಬ್ಬರು ಯೋಧರು ಷರಾಯಿ ತೊಟ್ಟಿದ್ದಾರೆ! ಒಳಗೆ ಚಾನ್ಸೆಲ್ ಕಮಾನಿನ ಎರಡೂ ಬದಿ ಮೂರು ಮೂರು ಸಂತರು ಒಬ್ಬರ ತಲೆಯ ಮೇಲೊಬ್ಬರು ನಿಂತಿದ್ದಾರೆ. ಸ್ಪೇನಿನ ಸಂತಿಯಾಗೊ ಕೆಥೆಡ್ರಲ್ಲಿನ ಬಾಗಿಲಲ್ಲೂ ಇಂಥದೇ ಜೋಡಣೆ ಇದೆ. ಈ ಸೀಮೆಯಿಂದ ಆಲಿವರ್ ದ ಮೆರ್ಲಿಮಂಡ್ ಎಂಬವನು ಅಲ್ಲಿಗೆ ಯಾತ್ರೆ ಹೋಗಿ ಬಂದಿದ್ದನಾದ್ದರಿಂದ ಶೈಲಿಯೂ ಅದೇ ದಾರಿಯಲ್ಲಿ ಬಂದಿರಬಹುದೆಂಬ ಊಹೆಯಿದೆ. ಪರೀಕ್ಷೆಯ ಉತ್ತರದಲ್ಲಿ ಅದನ್ನು ಊಹೆಯೆಂದೇ ಬರೆಯಿರಿ.

ಇನ್ನು ಸೂರಿನ ಕೆಳಗೆ ಸಾಲಾಗಿ ಚಾಚಿಕೊಂಡ ಕಲ್ಲುಗಳು. ಇವುಗಳಿಗೆ ಕಾರ್ಬೆಲ್ ಎನ್ನುತ್ತಾರೆ, 85 ಉಳಿದಿವೆ. ತನ್ನ ಗುಹ್ಯವನ್ನು ಎರಡೂ ಕೈಗಳಿಂದ ತೆರೆದು ತೋರಿಸುವ ಹೆಣ್ಣು, ಅಂದರೆ ಶೀಲಾ ನ ಗಿಗ್, ಬಹಳ ಪ್ರಸಿದ್ಧಿ. ಕಾಮದ ವಿರುದ್ಧ ಎಚ್ಚರಿಕೆ ಎನ್ನುವವರಿದ್ದಾರೆ, ಫಲವಂತಿಕೆಯ ಗುರುತು ಎನ್ನುವವರೂ ಇದ್ದಾರೆ. ಎರಡನ್ನೂ ಬರೆಯಿರಿ, ತೀರ್ಪು ಕೊಡುವ ಹುಮ್ಮಸ್ಸು ಬೇಡ. ಪ್ರತಿಯೊಂದು ಕಲ್ಲಿಗೂ ಧರ್ಮಬೋಧೆ ಅಂಟಿಸುವವರ ಮಾತು ನನಗಂತೂ ಒಪ್ಪಿಗೆಯಿಲ್ಲ. ಒಂದು ಕಾರ್ಬೆಲ್ಲಿನಲ್ಲಿ ನಾಯಿಯೂ ಮೊಲವೂ ಒತ್ತೊತ್ತಾಗಿ ಕುಳಿತಿವೆ. ನಾಯಿಗೆ ಜೋಲುಕಿವಿ, ದುಂಡು ಕಣ್ಣು. ಬೇಟೆಯ ನೆನಪೇ ಇಲ್ಲದ ಮುಖ.